ಹುಣಸೆಹಣ್ಣಿನಲ್ಲಿ ತಿಕ್ಕಿದ ಗಡಿಯಾರ

ಆ ಗಡಿಯಾರ ನಮ್ಮದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಬಗ್ಗೆ ನಾನು ಮಾತಾಡುವ ಹುರುಪು ನೋಡಿ ಎಷ್ಟೋ ಜನ ಅದು ನಮ್ಮ ಮನೆತನದ ಆಸ್ತಿ ಅಂದುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಗೋಡೆ ಗಡಿಯಾರ. ಅದು ಯಾವಾಗಲೂ ಹತ್ತು ನಿಮಿಷ ಮುಂದೆ ಓಡುತ್ತಿತ್ತು, ನಾವು ಹತ್ತು ನಿಮಿಷ ಕಳೆದು ಓದುತ್ತಿದ್ದೆವು. ನಾನು ಹೇಳಹೊರಟಿರುವುದು ಫ್ರಾನ್ಸಿನಲ್ಲಿ ನೂರು ವರ್ಷಕ್ಕೂ ಹಿಂದೆ ಮಾಡಿದ, ನೆತ್ತಿಯ ಮೇಲೆ ಹಿಡಿಕೆ ಇರುವ, ಗೇಣುದ್ದದ ಹಿತ್ತಾಳೆ ಗಡಿಯಾರದ ವಿಷಯ. ಕುದುರೆ ಗಾಡಿಯಲ್ಲಿ ಊರೂರು ತಿರುಗುವವರು ಜೊತೆಗೆ ಒಯ್ಯಲೆಂದು ಮಾಡಿದ್ದು, ಅದಕ್ಕೇ ಅದಕ್ಕೆ ಕ್ಯಾರೇಜ್ ಕ್ಲಾಕ್ ಎಂಬ ಹೆಸರು. ನಾಸಿಕ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಯ ಹತ್ತಿರ ಅಂಥದ್ದೊಂದಿತ್ತು.

ನಾಸಿಕ್‌ಗೆ ವರ್ಗವಾದಾಗ ನನಗೆ ಮೂವತ್ತೆಂಟು. ಹೊಸ ಶತಮಾನ ಶುರುವಾಗಿ ಮೂರು ನಾಲ್ಕು ವರ್ಷ ಆಗಿತ್ತು. ಬ್ಯಾಂಕಿನವರಿಗೆ ವರ್ಗ ಹೊಸದಲ್ಲ. ನಾನು ಮದುವೆಯಾಗದವಳು, ಹೋದಲ್ಲೆಲ್ಲ ಅವ್ವ ನನ್ನ ಜೊತೆ ಬರುತ್ತಿದ್ದಳು, ಅವ್ವನ ಜೊತೆ ಅವಳ ಹಿತ್ತಾಳೆಯ ಮೂಟೆ ಬರುತ್ತಿತ್ತು. ದೀಪ ಹಚ್ಚುವ ಎರಡು ಉದ್ದನೆಯ ಸಮೆ, ಗಂಟೆ, ಆರತಿ ತಟ್ಟೆ, ತಂಬಿಗೆಗಳು, ಒಂದು ದೊಡ್ಡ ಕೊಡ. ವಿಜಾಪುರದಿಂದ ಇಷ್ಟು ದೂರ ಇವನ್ನು ಯಾಕೆ ಹೊರಬೇಕು ಅಂತ ನಾನು ಪ್ರತಿ ಸಲ ರೇಗುತ್ತಿದ್ದೆ, ಅವಳು ಪ್ರತಿ ಸಲ ಹಳೇ ಸೀರೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ಗುರುವಾರ ಮಧ್ಯಾಹ್ನ ಅಷ್ಟನ್ನೂ ಹರಡಿಕೊಂಡು ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಾಕಿ ತಿಕ್ಕುವುದು ಅವಳ ನೇಮ. ಪಾಕೀಟಿನ ಪುಡಿ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. ಬ್ಯಾಂಕಿನಲ್ಲಿ ಯಾರ ಮೇಲೂ ತೋರಿಸಲಾಗದ ಸಿಟ್ಟನ್ನು ಮನೆಗೆ ತಂದು ಅವಳ ಮೇಲೆ ಸುರಿಯುವುದು ನನ್ನ ನೇಮ. ಇಬ್ಬರೂ ನಮ್ಮ ನಮ್ಮ ನೇಮ ತಪ್ಪಿಸುತ್ತಿರಲಿಲ್ಲ.

ಮನೆ ಒಡತಿ ಕೆಳಗೆ ಒಬ್ಬರೇ ಇರುತ್ತಿದ್ದರು. ಎಂಬತ್ತರ ಹತ್ತಿರದ ಮರಾಠಿ ಹೆಂಗಸು. ನಾನು ಅವರನ್ನು ಆಜಿ ಅನ್ನುತ್ತಿದ್ದೆ, ಅವ್ವ ಅಕ್ಕಾ ಅನ್ನುತ್ತಿದ್ದಳು. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಆದರೂ ದಿನಾ ಮಧ್ಯಾಹ್ನ ಇಬ್ಬರೂ ಕೆಳಗಿನ ಪಡಸಾಲೆಯಲ್ಲಿ ಕೂತು ಎರಡು ತಾಸು ಮಾತಾಡುತ್ತಿದ್ದರು, ಒಬ್ಬರು ಮರಾಠಿಯಲ್ಲಿ, ಒಬ್ಬರು ಕನ್ನಡದಲ್ಲಿ. ಏನು ಮಾತಾಡಿದಿರಿ ಅಂತ ಕೇಳಿದರೆ ಅವ್ವ ಆಜಿಯ ಸೋದರತ್ತೆಯ ಜಗಳದವರೆಗೂ ವರದಿ ಕೊಡುತ್ತಿದ್ದಳು. ಹಿಂದಿನ ಎರಡು ಊರುಗಳಲ್ಲಿ ಅವಳಿಗೆ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿದ್ದಾರೆ ಅನ್ನುವ ನೆಮ್ಮದಿಗೆ ನಾನು ಆ ಮನೆಯ ನೀರಿನ ತಾಪತ್ರಯವನ್ನೆಲ್ಲ ಸಹಿಸಿಕೊಂಡಿದ್ದೆ.

ಆ ಪಡಸಾಲೆಯ ಕಪಾಟಿನ ಮೇಲೆ ಗಡಿಯಾರ ಇತ್ತು. ಇಂಗ್ಲಿಷರು ಹೊರಟು ಹೋದಾಗ ನಾಸಿಕ್ ಪಕ್ಕದ ದೇವಳಾಲಿಯ ದಂಡಿನಲ್ಲಿ ಯಾರೋ ಅಧಿಕಾರಿಯ ಮನೆ ಸಾಮಾನು ಹರಾಜಾಯಿತಂತೆ. ಆಜಿಯ ಗಂಡ ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ, ಕುರ್ಚಿ ಕೊಳ್ಳಲೆಂದು ಹೋಗಿ ಇದನ್ನು ತಂದರು. ಕುರ್ಚಿ ಬರಲು ಮುಂದೆ ಏಳು ವರ್ಷ ಬೇಕಾಯಿತು ಅಂತ ಆಜಿ ನಗುತ್ತಿದ್ದರು. ಗಂಡ ಹೋದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಕೀಲಿ ಕೊಡುವುದು ಅವರ ಕೆಲಸವಾಗಿತ್ತು.

ಮೊದಲ ಸಲ ನೋಡಿದಾಗ ಅದರಲ್ಲಿ ಅಂಥ ಏನಿದೆ ಅಂತ ನನಗೆ ಗೊತ್ತಾಗಲಿಲ್ಲ. ಮಾಸಿದ ಹೊಂಬಣ್ಣದ ಚೌಕಟ್ಟು, ನಾಲ್ಕೂ ಕಡೆ ಗಾಜು, ಅಷ್ಟೆ. ಆಜಿ ನನ್ನ ತಲೆ ಹಿಡಿದು ಬಗ್ಗಿಸಿ ಮೇಲಿನಿಂದ ನೋಡು ಅಂದರು. ನೆತ್ತಿಯಲ್ಲೂ ಒಂದು ಮೊಟ್ಟೆಯಾಕಾರದ ಸಣ್ಣ ಗಾಜು, ಅದರ ಕೆಳಗೆ ಪುಟ್ಟ ಚಕ್ರವೊಂದು ಅತ್ತ ಇತ್ತ ಅತ್ತ ಇತ್ತ ತಿರುಗುತ್ತಿತ್ತು, ಅದರ ನಡುವೆ ಕೂದಲಿಗಿಂತ ತೆಳುವಾದ ಉಕ್ಕಿನ ಸುರುಳಿ ಹಿಗ್ಗುತ್ತ ಕುಗ್ಗುತ್ತ ಇತ್ತು. ನಾನು ಎಷ್ಟು ಹೊತ್ತು ಬಗ್ಗಿಕೊಂಡೇ ನಿಂತೆನೋ. ಆಮೇಲೆ ಒಂದೊಂದೇ ಕಂಡಿತು. ಗಾಜಿನ ಅಂಚುಗಳನ್ನು ಓರೆಯಾಗಿ ತೇಯ್ದಿದ್ದರು, ಬೆಳಗಿನ ಬಿಸಿಲು ಬಿದ್ದಾಗ ಕಪಾಟಿನ ಮೇಲೆ ಬಣ್ಣದ ಗೆರೆಗಳು ಮೂಡುತ್ತಿದ್ದವು. ಬಿಳಿ ಮುಖದ ಮೇಲೆ ಮುಳ್ಳುಗಳು ಕಡುನೀಲಿ. ಹಿಡಿಕೆಯ ಮುಂದೆ ಒಂದು ಗುಂಡಿ, ಒತ್ತಿದರೆ ಆಗಿಹೋದ ಗಂಟೆಯನ್ನು ಮತ್ತೊಮ್ಮೆ ಮೆಲ್ಲಗೆ ಬಾರಿಸಿ ಹೇಳುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಆಜಿ ಅದರ ಮುಖ ನೋಡುವುದನ್ನು ಬಿಟ್ಟು ಗುಂಡಿಯನ್ನೇ ಒತ್ತುತ್ತಿದ್ದರು.

ಆ ವರ್ಷ ನವರಾತ್ರಿಗೆ ಮೊದಲು ಪುಣೆಯಿಂದ ಅವರ ಮಗಳು ಬಂದು ಎರಡೂ ಕಣ್ಣಿನ ಆಪರೇಷನ್ ಮಾಡಿಸಲು ಕರೆದುಕೊಂಡು ಹೋದಳು. ದೀಪಾವಳಿ ಹೊತ್ತಿಗೆ ವಾಪಸು ಬರುವುದು ಅಂತ ಮಾತು. ಹೊರಡುವ ದಿನ ಆಜಿ ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದರು, ಹಿಂದೆ ಮಗಳು ಗದರುತ್ತ ಬಂದಳು. ಅವ್ವನ ಕೈಗೆ ಗಡಿಯಾರ, ಕೀಲಿ ಎರಡೂ ಕೊಟ್ಟು, "ಸಾಂಭಾಳಾ ಹಂ" ಅಂದರು. ಜೋಪಾನ ಮಾಡಿ ಅಂತ. ಅಷ್ಟು ಅವ್ವನಿಗೆ ತಿಳಿಯಿತು. ನನ್ನ ಕೈಗೆ ಕೊಡಲಿಲ್ಲ ಅಂತ ನನಗೆ ಸ್ವಲ್ಪ ಮುನಿಸೂ ಬಂತು.

ಅವ್ವ ಅದನ್ನು ದೇವರ ಮನೆಯ ಪಕ್ಕದಲ್ಲೇ ಇಟ್ಟುಕೊಂಡಳು. ಭಾನುವಾರ ಸ್ನಾನ ಮಾಡಿ ಕೀಲಿ ಕೊಟ್ಟಳು. ಆದರೆ ಹಗಲೂ ಇರುಳೂ ಕಣ್ಣ ಮುಂದಿದ್ದ ಆ ಮಾಸಿದ ಬಣ್ಣ ಅವಳಿಗೆ ಚುಚ್ಚತೊಡಗಿತು. ಪಾಪ, ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿಲುಬು ಹಿಡಿದದ್ದು ತಿಳಿಯಲಿಲ್ಲ, ಹೊಸ ಕಣ್ಣಲ್ಲಿ ಬಂದು ಇದನ್ನು ಈ ಸ್ಥಿತಿಯಲ್ಲಿ ನೋಡಬೇಕೇ ಅಂತ ಅವಳ ಲೆಕ್ಕಾಚಾರ. ಇದು ನನಗೆ ಆಮೇಲೆ ತಿಳಿದದ್ದು. ಖಂಡೇನವಮಿಯ ದಿನ, ನಾನು ಬ್ಯಾಂಕಿಗೆ ಹೋದ ಮೇಲೆ, ಆಯುಧಪೂಜೆಗೆ ಇಡುವ ಸಾಮಾನನ್ನೆಲ್ಲ ತಿಕ್ಕಲು ಕೂತವಳು ಗಡಿಯಾರವನ್ನೂ ಎಳೆದುಕೊಂಡಳು.

ಸಂಜೆ ಬಂದು ನೋಡಿದರೆ ಈಳಿಗೆ, ಕತ್ತರಿ, ನನ್ನ ಹಳೇ ಟೈಪಿಂಗ್ ಯಂತ್ರದ ಸಾಲಿನಲ್ಲಿ ಗಡಿಯಾರ ಕೂತಿತ್ತು, ಹಿಡಿಕೆಗೆ ಚೆಂಡು ಹೂವು, ಗಾಜಿಗೆ ಅರಿಶಿನ ಕುಂಕುಮ. ಚೌಕಟ್ಟು ನಮ್ಮ ದೇವರ ಗಂಟೆಯ ಹಾಗೆ ಹಳದಿಯಾಗಿ ಥಳಥಳಿಸುತ್ತಿತ್ತು. ನೂರು ವರ್ಷದ ಹಿಂದೆ ಯಾರೋ ಹಿತ್ತಾಳೆಯ ಮೇಲೆ ಕೊಟ್ಟಿದ್ದ ಚಿನ್ನದ ಲೇಪವನ್ನು ಇಟ್ಟಂಗಿ ಪುಡಿ ಒಂದೇ ಮಧ್ಯಾಹ್ನದಲ್ಲಿ ತಿಂದು ಹಾಕಿತ್ತು. ತಂಬಿಗೆ ನೀರಿನಿಂದ ತೊಳೆದು ಮಾಳಿಗೆಯ ಬಿಸಿಲಿಗೂ ಇಟ್ಟಿದ್ದಳಂತೆ. ನೆತ್ತಿಯ ಗಾಜಿನ ಒಳಗೆ ಹಬೆ ಕಟ್ಟಿತ್ತು. ಚಕ್ರ ನಿಂತಿತ್ತು.

ಅವ್ವ ನನ್ನ ಮುಖ ನೋಡುತ್ತ ನಿಂತಿದ್ದಳು, ಭೇಷ್ ಅನ್ನಿಸಿಕೊಳ್ಳಲು.

ನಾನು ಏನೇನು ಅಂದೆ ಅನ್ನುವುದೆಲ್ಲ ಇಲ್ಲಿ ಬರೆಯಲಾರೆ. ಕೊನೆಗೆ ಅಂದದ್ದು ಮಾತ್ರ ಬರೆಯಲೇಬೇಕು. "ನಿನ್ನ ಕೈಗೆ ಏನ್ ಸಿಕ್ರೂ ಹಾಳ. ಇನ್ನ ಮ್ಯಾಲ ಈ ಮನ್ಯಾಗ ಯಾವ ಸಾಮಾನಿಗೂ ಕೈ ಹಚ್ಚಬ್ಯಾಡ ನೀ."

ಅವ್ವ ಸೆರಗಿನಿಂದ ಗಾಜಿನ ಮೇಲಿನ ಕುಂಕುಮ ಒರೆಸಲು ಹೋದವಳು ಅರ್ಧದಲ್ಲಿ ಕೈ ಹಿಂದೆ ತೆಗೆದುಕೊಂಡಳು. ಆ ಗುರುವಾರ ಅವಳು ಸಮೆ ತಿಕ್ಕಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಅಡುಗೆ ಮಾಡುತ್ತಿದ್ದಳು, ದೀಪ ಹಚ್ಚುತ್ತಿದ್ದಳು, ಹಿತ್ತಾಳೆಯನ್ನು ತಿಕ್ಕಲು ಮಾತ್ರ ಮುಟ್ಟುತ್ತಿರಲಿಲ್ಲ. ಅದು ನನಗೆ ಕಾಣುತ್ತಿತ್ತು. ಕಂಡರೂ ಕಾಣದ ಹಾಗೆ ಇದ್ದೆ, ಯಾಕೆಂದರೆ ನನ್ನ ಸಿಟ್ಟು ನ್ಯಾಯದ ಸಿಟ್ಟು ಅಂತ ನನಗೆ ಖಾತ್ರಿ ಇತ್ತು.

ನಾಸಿಕ್‌ನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಇಬ್ಬರು ಮುಟ್ಟುವುದೇ ಇಲ್ಲ ಅಂದರು. ಒಬ್ಬ, ಒಳಗಿನದನ್ನೆಲ್ಲ ಕಿತ್ತುಹಾಕಿ ಸೆಲ್ಲಿನ ಮಷೀನು ಕೂರಿಸಿಕೊಡುತ್ತೇನೆ, ಇನ್ನು ಕೀಲಿ ಕೊಡುವ ತಲೆನೋವೇ ಇಲ್ಲ ಅಂದ. ಅವನಿಗೂ ಸ್ವಲ್ಪ ಬೈದೆ. ನಾಲ್ಕನೆಯವರು ಇಂಥದ್ದಕ್ಕೆ ಕೈ ಹಾಕುವವರು ಈ ಕಡೆ ಒಬ್ಬರೇ ಇದ್ದಾರೆ, ಔರಂಗಾಬಾದಿನ ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿ ಅಂದರು. ಈಗ ಆ ಊರು ಛತ್ರಪತಿ ಸಂಭಾಜಿನಗರ, ಆಗ ಎಲ್ಲರ ಬಾಯಲ್ಲೂ ಔರಂಗಾಬಾದ್. ಶನಿವಾರ ರಜೆ ಹಾಕಿ ಹೊರಟೆ. ಗಡಿಯಾರ ತನಗೇ ಒಪ್ಪಿಸಿದ್ದು, ತಾನೂ ಬರುತ್ತೇನೆ ಅಂತ ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

ಕುದುರೆ ಗಾಡಿಗೆಂದು ಮಾಡಿದ ಗಡಿಯಾರ ಕೆಂಪು ಎಸ್‌ಟಿ ಬಸ್ಸಿನಲ್ಲಿ, ನನ್ನ ಮಡಿಲಲ್ಲಿ, ಟವೆಲ್ಲಿನೊಳಗೆ ಕೂತು ದಾರಿಯ ಯೇವಲಾ, ವೈಜಾಪುರ ದಾಟಿ ಹೋಯಿತು. ಪ್ರತಿ ಹೊಂಡಕ್ಕೂ ಅವ್ವನ ಕೈ ಅದರ ಕಡೆ ಬರುತ್ತಿತ್ತು, ಮುಟ್ಟದೆ ಹಿಂದೆ ಹೋಗುತ್ತಿತ್ತು.

ಅಂಗಡಿ ಅಂದರೆ ಒಂದು ಮೇಜು, ಒಂದು ಕಿಟಕಿ. ಉಸ್ತಾದರು ಎಪ್ಪತ್ತು ದಾಟಿದ ಮುಸಲ್ಮಾನರು, ಬಿಳಿ ಗಡ್ಡ, ಒಂದು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ನಾನು ಒಳಗೆ ನೀರು ಹೋಗಿದೆ ಅಂತಷ್ಟೇ ಹೇಳಿದೆ. ಅವರು ಚೌಕಟ್ಟಿನ ಮೂಲೆಯನ್ನು ಉಗುರಿನಿಂದ ಕೆರೆದು, ಮೂಗಿನ ಹತ್ತಿರ ಹಿಡಿದು, ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. ಏನು ಹಚ್ಚಿದಿರಿ ಅಂತ ದಖನಿಯಲ್ಲಿ ಕೇಳಿದರು. ವಿಜಾಪುರದ ಓಣಿಯಲ್ಲಿ ಬೆಳೆದವಳಿಗೆ ದಖನಿ ಬೇರೆ ಭಾಷೆಯೇ ಅಲ್ಲ. "ಇಮ್ಲಿ" ಅಂದಳು ಅವ್ವ, ಹುಣಸೆಹಣ್ಣು ಅಂತ, ಅಂದು ತಲೆ ತಗ್ಗಿಸಿದಳು.

ಅವರು ಬೈಯಲಿಲ್ಲ. "ಡರೋ ನಕ್ಕೊ ಅಮ್ಮಾ" ಅಂದರು, ಹೆದರಬೇಡಿ ಅಂತ. ಅಡಿಯ ನಾಲ್ಕು ತಿರುಪು ಬಿಚ್ಚಿ ಯಂತ್ರವನ್ನು ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ಉಕ್ಕಿನ ಹಲ್ಲುಗಳ ಮೇಲೆ ಆಗಲೇ ಕೆಂಪಗೆ ತುಕ್ಕು ಕೂರಲು ಶುರುವಾಗಿತ್ತು. ಕೂದಲಿನಂಥ ಸುರುಳಿಗೆ ತಗುಲಿರಲಿಲ್ಲ, ತಗುಲಿದ್ದರೆ ಮುಗಿದಿತ್ತು ಅಂದರು. ಓಡುತ್ತದೆ, ಆದರೆ ಹೋದ ಚಿನ್ನ ವಾಪಸು ಬಾರದು. ಮುಂಬಯಿಯಲ್ಲಿ ಹೊಸ ಲೇಪ ಕೊಡಿಸಬಹುದು, ಅದು ಕಟ್ಟಿಸಿಕೊಂಡ ಹಲ್ಲಿನ ಹಾಗೆ ಕಾಣುತ್ತದೆ, ಹಾಗೇ ಬಿಡಿ, ಗಾಳಿಯೇ ಕೆಲವು ವರ್ಷದಲ್ಲಿ ಮಾಗಿಸುತ್ತದೆ ಅಂದರು. ಆಜಿಗೆ ಗೊತ್ತಾಗದ ಹಾಗೆ ಲೇಪ ಕೊಡಿಸಿಬಿಡುವ ನನ್ನ ಯೋಚನೆ ಅಲ್ಲಿಗೆ ನಿಂತಿತು.

ಮುಂದೆ ನನಗೆ ಔರಂಗಾಬಾದಿಗೇ ವರ್ಗವಾಯಿತು. ಅಲ್ಲಿನ ವಾಳೂಜಿನ ಶಾಖೆಯಿಂದ ಶನಿವಾರ ಅರ್ಧ ದಿನಕ್ಕೆ ಬಿಡುಗಡೆಯಾದರೆ ನೇರ ಉಸ್ತಾದರ ಮೇಜಿನ ಮುಂದೆ ಹೋಗಿ ಕೂರುತ್ತಿದ್ದೆ. ಈ ಗಡಿಯಾರಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರಿಂದ ತಿಳಿದದ್ದು. ಮುಳ್ಳಿನ ನೀಲಿ ಬಣ್ಣ ಹಚ್ಚಿದ್ದಲ್ಲ, ಉಕ್ಕನ್ನು ಬೆಂಕಿಯ ಮೇಲೆ ಹಿಡಿದು ಸರಿಯಾದ ಗಳಿಗೆಗೆ ತೆಗೆದರೆ ತಾನೇ ಆ ನೀಲಿಗೆ ಬರುತ್ತದೆ, ಒಂದು ಉಸಿರು ತಡವಾದರೆ ಬೂದಿ ಬಣ್ಣ. ಗಾಡಿ ಕುಲುಕಿದರೆ ಲೋಲಕ ನಿಲ್ಲುತ್ತದೆ, ಅದಕ್ಕೇ ನೆತ್ತಿಯ ಮೇಲೆ ಆ ಚಕ್ರ. ಫ್ರಾನ್ಸಿನ ಸಮುದ್ರದ ಕಡೆಯ ಹಳ್ಳಿಯಲ್ಲಿ ಮನೆ ಮಂದಿಯೆಲ್ಲ ಕೂತು ಇವುಗಳ ಒಡಲನ್ನು ಮಾಡುತ್ತಿದ್ದರಂತೆ, ಒಂದು ಮನೆಯವರು ಹಲ್ಲಿನ ಚಕ್ರ, ಇನ್ನೊಂದು ಮನೆಯವರು ಇನ್ನೇನೋ. ಆಮೇಲೆ ಪ್ಯಾರಿಸಿಗೆ ಹೋಗಿ ನಯವಾಗಿ ಬರುತ್ತಿತ್ತು. ಮುಖದ ಮೇಲೆ ಹೆಸರಿದ್ದರೆ ಅದು ಸಾಮಾನ್ಯವಾಗಿ ಮಾರಿದವನದು, ಮಾಡಿದವರದಲ್ಲ. ಅಷ್ಟು ಕೈಗಳ ಕೆಲಸಕ್ಕೆ ಒಂದು ಕೈಯ ಗುರುತೂ ಹೊರಗೆ ಕಾಣದು ಅನ್ನುವುದೇ ನನಗೆ ಈಗಲೂ ಮನಸ್ಸಿಗೆ ಹಿಡಿಯುವ ವಿಷಯ.

ಒಳಗೆ ಮಾತ್ರ ಕಾಣುತ್ತದೆ. ಆ ಮೊದಲ ದಿನವೇ, ಬಿಚ್ಚಿದ ಅಡಿಯ ತಗಡಿನ ಒಳಮೈಯನ್ನು ಉಸ್ತಾದರು ಭೂತಗನ್ನಡಿಯಲ್ಲಿ ಅವ್ವನಿಗೆ ತೋರಿಸಿದ್ದರು. ಸೂಜಿಯಿಂದ ಗೀರಿದ ಮೂರು ಗುರುತು. ಒಂದು ಇಂಗ್ಲಿಷ್ ಅಕ್ಷರ, ಒಂದು ಗುಜರಾತಿ ಅಂಕಿ, ಒಂದು ಬರೀ ನಕ್ಷತ್ರ. ಇದನ್ನು ಬಿಚ್ಚಿ ರಿಪೇರಿ ಮಾಡಿದ ಪ್ರತಿಯೊಬ್ಬನೂ ಹೀಗೆ ಗುರುತು ಬಿಟ್ಟು ಹೋಗುವುದು ಈ ಕಸಬಿನ ಪದ್ಧತಿ, ಮುಂದೆ ಬಿಚ್ಚುವವನಿಗೆ ಏನಾಗಿತ್ತು ಅಂತ ತಿಳಿಯಬೇಕಲ್ಲ ಅಂದರು.

ಹತ್ತು ದಿನ ಬಿಟ್ಟು ತರಲು ಹೋದಾಗಲೂ ಅವ್ವ ಬಂದಳು. ಉಸ್ತಾದರು ಮುಚ್ಚುವ ಮೊದಲು ಆ ತಗಡನ್ನು ಮತ್ತೆ ತೋರಿಸಿದರು. ನಾಲ್ಕನೆಯ ಗುರುತು ಉರ್ದುವಿನಲ್ಲಿತ್ತು. ಅವರ ಗುರುತಿನ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಪದ. ಇಮ್ಲಿ ಅಂತ ಬರೆದಿದ್ದೇನೆ, ಚಿನ್ನ ಎಲ್ಲಿ ಹೋಯಿತು ಅಂತ ಮುಂದಿನವನು ತಲೆ ಕೆಡಿಸಿಕೊಳ್ಳಬಾರದು ಅಂದರು. ಹದಿನೈದು ದಿನದಲ್ಲಿ ಮೊದಲ ಸಲ ಅವ್ವ ನಕ್ಕಳು.

ಆಮೇಲೆ ಅವರು ಕೀಲಿಯನ್ನು ಅವಳ ಮುಂದೆ ಹಿಡಿದರು. ರಿಪೇರಿಯಾದ ಗಡಿಯಾರಕ್ಕೆ ಮೊದಲ ಕೀಲಿ ಅದನ್ನು ಜೋಪಾನ ಮಾಡುವವರೇ ಕೊಡಬೇಕು, ಇದು ಅವರ ಅಂಗಡಿಯ ನಿಯಮ. ಅವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಮೈ ಹಾತ್ ನೈ ಲಗಾತಿ. ಬೇಟಿ ನಕ್ಕೊ ಬೋಲಿ."

ನಾನು ಮುಟ್ಟುವುದಿಲ್ಲ, ಮಗಳು ಬೇಡ ಅಂದಿದ್ದಾಳೆ. ದೂರುವ ದನಿಯಲ್ಲ, ಡಾಕ್ಟರು ಸಿಹಿ ಬೇಡ ಅಂದಿದ್ದಾರೆ ಅನ್ನುವ ದನಿ. ಉಸ್ತಾದರು ನನ್ನ ಕಡೆ ಒಮ್ಮೆ ನೋಡಿದರು. ಕೀಲಿಯನ್ನು ನನ್ನ ಮುಂದೆ ಇಟ್ಟರು. ನಾನೇ ಕೀಲಿ ಕೊಟ್ಟೆ. ಚಕ್ರ ಒಮ್ಮೆ ತಡವರಿಸಿ ಓಡತೊಡಗಿತು. ನನಗೆ ಕಣ್ಣೆತ್ತಿ ಯಾರನ್ನೂ ನೋಡಲಾಗಲಿಲ್ಲ. ವಾಪಸು ಬರುವಾಗ ವೈಜಾಪುರದಿಂದ ನಾಸಿಕ್‌ವರೆಗೆ ಮನಸ್ಸಿನಲ್ಲೇ ಮಾತು ಜೋಡಿಸಿದೆ, ಒಂದೂ ಬಾಯಿಗೆ ಬರಲಿಲ್ಲ. ಕಿರುಚುವುದು ನನಗೆ ಎಷ್ಟು ಸಲೀಸೋ ತಪ್ಪಾಯಿತು ಅನ್ನುವುದು ಅಷ್ಟು ಕಷ್ಟ.

ಲಕ್ಷ್ಮೀಪೂಜೆಗೆ ನಾಲ್ಕು ದಿನ ಇದ್ದಾಗ ಆಜಿ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. ನಾವಿಬ್ಬರೂ ಗಡಿಯಾರವನ್ನು ಕೆಳಗೆ ಒಯ್ದು ಕಪಾಟಿನ ಮೇಲಿಟ್ಟೆವು. ಆಜಿ ಕನ್ನಡಕ ಎತ್ತಿ ನೋಡಿದರು. ಎಷ್ಟು ಹೊಳೆಯುತ್ತಿದೆ ನೋಡಿ, ಆಪರೇಷನ್ ಅಂದರೆ ಹೀಗಿರಬೇಕು, ಪುಣೆಯಲ್ಲಿ ಗೋಡೆ, ಪಾತ್ರೆ, ಮಗಳ ಮುಖ ಎಲ್ಲ ಹೀಗೇ ಹೊಳೆದವು, ಇಷ್ಟು ವರ್ಷ ಎಲ್ಲವನ್ನೂ ಮಂಜಿನಲ್ಲೇ ನೋಡಿದೆನಲ್ಲ ಅಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹೌದು ಆಜಿ, ಈಗಿನ ಡಾಕ್ಟರುಗಳು ಬಹಳ ಚೆನ್ನಾಗಿ ಮಾಡುತ್ತಾರೆ ಅಂತ ನಾನು ನಾಚಿಕೆಯಿಲ್ಲದೆ ದನಿಗೂಡಿಸಿದೆ. ದೇವರೇ ಬಿಡಿಸಿದ ಗಂಟು, ಸುಮ್ಮನಿದ್ದುಬಿಟ್ಟರೆ ಸಾಕಿತ್ತು.

ಅವ್ವ ಸುಮ್ಮನಿರಲಿಲ್ಲ. ಆಜಿಯ ಮುಂದೆ ಹೋಗಿ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ, ಒಂದೊಂದೇ ಪದ ಇಟ್ಟಳು.

"ಅಕ್ಕಾ, ಘಡ್ಯಾಳ ಮೀ ಘಾಸಲಂ. ಚಿಂಚ ಲಾವೂನ. ಚೂಕ ಝಾಲಿ."

ಗಡಿಯಾರ ನಾನು ತಿಕ್ಕಿದೆ, ಹುಣಸೆಹಣ್ಣು ಹಚ್ಚಿ, ತಪ್ಪಾಯಿತು. ಅವಳ ಬಾಯಿಂದ ನಾನು ಕೇಳಿದ ಮೊದಲ ಮರಾಠಿ ವಾಕ್ಯ ಅದು. ದಿನಾ ಬರುವ ತರಕಾರಿಯವಳ ಹತ್ತಿರ ಹೇಳಿಸಿಕೊಂಡು ವಾರಗಟ್ಟಲೆ ಬಾಯಿಪಾಠ ಮಾಡಿದ್ದಳಂತೆ.

ಆಜಿ ಪರವಾಗಿಲ್ಲ ಅನ್ನಲಿಲ್ಲ. ಕಪಾಟಿನ ಹತ್ತಿರ ಹೋಗಿ ಚೌಕಟ್ಟಿನ ಮೂಲೆಗಳ ಮೇಲೆ ಬೆರಳಾಡಿಸಿದರು, ಬಹಳ ಹೊತ್ತು. ಗುಂಡಿ ಒತ್ತಿದರು. ನಾಲ್ಕು ಬಾರಿಸಿತು. ಆಮೇಲೆ ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತು ಅಂತ ಒಳಗೆ ಹೋದರು. ಅವ್ವ ಮೇಲೆ ಬಂದು ಅಕ್ಕಿ ಆರಿಸುತ್ತ ಕೂತಳು. ಮರುದಿನ ಮಧ್ಯಾಹ್ನ ಕೆಳಗಿನಿಂದ ಕರೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವ್ವ ಆ ಹೊತ್ತಿಗೆ ಸರಿಯಾಗಿ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಕೂತಿರುತ್ತಿದ್ದಳಂತೆ. ಆ ಸಲದ ನನ್ನ ಸಿಟ್ಟೆಲ್ಲ ನನ್ನ ಮೇಲೇ ಇತ್ತು. ಅವಳಿಗಿದ್ದದ್ದು ಒಬ್ಬರೇ ಗೆಳತಿ.

ಮೂರನೆಯ ದಿನ ಭಾನುವಾರ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಮೆಟ್ಟಿಲ ಬುಡದಿಂದ ಆಜಿಯ ದನಿ ಕೇಳಿತು.

"ಅಹೋ ತಾಈ, ಚಿಂಚ ಘೇಊನ ಖಾಲೀ ಯಾ."

ಹುಣಸೆಹಣ್ಣು ತಗೊಂಡು ಕೆಳಗೆ ಬನ್ನಿ. ಬಗ್ಗಿ ನೋಡಿದೆ. ಆಜಿ ನಾಳಿನ ಲಕ್ಷ್ಮೀಪೂಜೆಗೆ ತಮ್ಮ ಸಮೆ, ತಾಟು, ತಂಬಿಗೆಗಳನ್ನೆಲ್ಲ ಅಂಗಳದಲ್ಲಿ ಹರಡಿಕೊಂಡಿದ್ದರು. ಹೊಸ ಕಣ್ಣಿಗೆ ಅವುಗಳ ಕಿಲುಬೆಲ್ಲ ಕಂಡಿರಬೇಕು. ಪಕ್ಕದಲ್ಲಿ ಎರಡು ಮಣೆ ಹಾಕಿದ್ದರು.

ಅವ್ವ ದಡಬಡಿಸಿ ಎದ್ದು ಮೆಟ್ಟಿಲ ತನಕ ಹೋದಳು. ಅಲ್ಲಿ ನಿಂತಳು, ಇಳಿಯಲಿಲ್ಲ. ತಿರುಗಿ ನನ್ನ ಕಡೆ ನೋಡಿದಳು. ಅರವತ್ತಾರು ವರ್ಷದ ನನ್ನ ತಾಯಿ ಗೆಳತಿಯ ಮನೆಯ ಸಮೆ ಮುಟ್ಟಲು ನನ್ನ ಅಪ್ಪಣೆಗೆ ಕಾಯುತ್ತಿದ್ದಳು.

ನಾನು ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಹುಣಸೆಹಣ್ಣು ಮುರಿದು ಬಟ್ಟಲಿಗೆ ಹಾಕಿ, ಉಪ್ಪು ಹಾಕಿ, ನೀರು ಹಾಕಿದೆ. ತಂದು ಅವಳ ಎರಡೂ ಕೈಯಲ್ಲಿ ಇಟ್ಟೆ.

"ಅವ್ವಾ, ನಾ ಹಂಗ ಅನ್ನಬಾರದಿತ್ತು. ನಂದು ತಪ್ಪಾತು."

ಅವಳು ನನ್ನ ಮುಖ ನೋಡಲಿಲ್ಲ, ಬಟ್ಟಲು ನೋಡಿದಳು. ಬೆರಳಿನಿಂದ ಒಮ್ಮೆ ಹಿಚುಕಿದಳು.

"ಇಷ್ಟ ಸಾಲಂಗಿಲ್ಲ. ಇನ್ನಷ್ಟ ನೆನಿ ಇಡು" ಅಂದಳು. ಎರಡು ಮೆಟ್ಟಿಲು ಇಳಿದು ಮತ್ತೆ ನಿಂತು, "ಬರೂವಾಗ ನಮ್ಮ ಸಮೆನೂ ತಗೊಂಡ ಬಾ. ಭಾಳ ಕಪ್ಪಾಗ್ಯಾವು" ಅಂದಳು.